ಗಂಟು ಸಿಕ್ಕಿದ ಕಡೆ ಸ್ಕೇಲ್ ಬೇಡ

ಪುಟ್ಟಾ,

ಆಶೀರ್ವಾದ. ಫೋಟೋ ನೋಡ್ದೆ, ಬಿಲ್ಲು ಮಾಡೋಕೆ ಮರ ಚೆನ್ನಾಗಿ ಸಿಕ್ಕಿದೆ ಕಣೋ. ಈ ಓಸೇಜ್ ಆರೆಂಜ್ ಮರಾನ ಇಲ್ಲಿ ಕಾನ್ಸಾಸ್ ಕಡೆ ರೈತ್ರು ಮುಳ್ಳುತಂತಿ ಬರೋಕೆ ಮುಂಚೆ ಬೇಲಿಗೆ ಅಂತ ಸಾಲಾಗಿ ನೆಡ್ತಿದ್ರು, ಅದಕ್ಕೇ ಎಲ್ರೂ ಹೆಜ್ ಅಂತಾರೆ, ಫ್ರೆಂಚರು ಇಟ್ಟ ಹೆಸರಂತೂ ಸೀದಾ 'ಬಿಲ್ಲಿನ ಮರ' ಅಂತಾನೇ. ಆದ್ರೆ ಅದರ ಮೇಲೆ ಸ್ಕೇಲ್ ಇಟ್ಟು ಈ ತುದಿಯಿಂದ ಆ ತುದಿಗೆ ನೇರ ಗೆರೆ ಎಳೆದಿದ್ಯಲ್ಲ, ಮೊದ್ಲು ಅದನ್ನ ಅಳಿಸು.

ಅಜ್ಜನ ಮನೆ ಹಲಸಿನ ಬಾಗಿಲು ನೆನಪಿದ್ಯಾ, ಗಂಟು ಇರೋ ಕಡೆ ಮರದ ಎಳೆ ಎರಡಾಗಿ ಬಿಟ್ಕೊಂಡು ಕಣ್ಣಿನ ಥರ ಆಗಿ ಮತ್ತೆ ಕೂಡ್ಕೊಂಡಿರುತ್ತೆ. ನಿನ್ನ ಮರದಲ್ಲೂ ಅಷ್ಟೇ. ಗೆರೆ ಆ ಎಳೆ ಜೊತೆನೇ ಹೋಗ್ಲಿ, ಬಿಲ್ಲು ಹಾವಿನ ಥರ ಸೊಟ್ಟ ಆದ್ರೂ ಆಗ್ಲಿ. ಎಳೆ ಕಾಣ್ಲಿಲ್ಲ ಅಂದ್ರೆ ಒಣಗುವಾಗ ಬಿಟ್ಟಿರೋ ಸಣ್ಣ ಬಿರುಕು ನೋಡು, ಅದು ಎಳೆ ಬಿಟ್ಟು ಆಚೀಚೆ ಹೋಗಲ್ಲ. ಗಂಟಿನ ಎರಡೂ ಪಕ್ಕ ಕತ್ತರಿಸದ ಎಳೆ ಉಳೀಬೇಕು, ಅಲ್ಲಿ ಸ್ವಲ್ಪ ಅಗಲ ಬಿಡು.

ಇನ್ನು ಬೆನ್ನು, ಅಂದ್ರೆ ಬಿಲ್ಲು ಹಿಡಿದಾಗ ನಿನ್ನಿಂದ ಆಚೆಗಿರೋ ಮೈ; ನಿನ್ನ ಕಡೆ ಇರೋದು ಹೊಟ್ಟೆ. ಹೆದೆ ಎಳೆದಾಗ ಹಿಗ್ಗೋದು ಆ ಕಡೆ, ಹೊಟ್ಟೆ ಕಡೆ ಕುಗ್ಗುತ್ತೆ, ಹಂಗಾಗಿ ಬೆನ್ನ ಮೇಲೆ ತುದಿಯಿಂದ ತುದಿಗೆ ಒಂದೇ ವರ್ಷದ ರಿಂಗ್, ಅಂದ್ರೆ ಮರ ಒಂದು ವರ್ಷದಲ್ಲಿ ಬೆಳೆದ ಪದರ, ಇರ್ಬೇಕು. ತೊಗಟೆ, ಬಿಳಿ ಭಾಗ ಎಲ್ಲ ತೆಗೆದು ಹಳದಿ ಚೇಗಿಗೆ ಬಾ. ಡ್ರಾ ನೈಫ್, ಅದೇ ಎರಡು ಹಿಡಿ ಇರೋ ಕತ್ತಿ, ನಿನ್ನ ಕಡೆಗೆ ಎಳೀವಾಗ ಕಿವಿ ಕೊಡು, ಎರಡು ರಿಂಗ್ ಮಧ್ಯದ ಟೊಳ್ಳು ಪದರ ಸಿಕ್ಕಿದಾಗ ಹಪ್ಪಳ ಮುರಿದ ಹಾಗೆ ಕರಕರ ಅನ್ನುತ್ತೆ, ಅದರ ಕೆಳಗೇ ಗಟ್ಟಿ ರಿಂಗ್. ಗಂಟಿನ ಹತ್ರ ಬಂದ್ರೆ ಡ್ರಾ ನೈಫ್ ಕೆಳಗಿಡು, ಸ್ಕ್ರೇಪರ್ ತಗೊಂಡು ಎರಡೂ ಕಡೆಯಿಂದ ನಿಧಾನಕ್ಕೆ ಕೆರೀತಾ ಬಾ, ರಿಂಗ್ ಅಲ್ಲಿ ಸಣ್ಣ ದಿಬ್ಬದ ಥರ ಮೇಲೇಳುತ್ತೆ, ಹಂಗೇ ಬಿಟ್ಬಿಡು.

ನನ್ನ ಮೊದಲ್ನೇ ಬಿಲ್ಲಲ್ಲಿ ಹುಣಸೆಬೀಜದಷ್ಟು ಗಂಟು ಉಬ್ಬಿತ್ತು, ನೋಡೋಕೆ ಚೆನ್ನಾಗಿಲ್ಲ ಅಂತ ಅರ ಹಾಕಿ ಸಮ ಮಾಡ್ದೆ, 24 ಇಂಚು ಎಳೆಯೋ ಹೊತ್ತಿಗೆ ಅಲ್ಲೇ ಚಕ್ಕೆ ಎದ್ದು ಮೇಲಿನ ಅರ್ಧ ಹೋಗಿ ಗರಾಜ್ ಟ್ಯೂಬ್‌ಲೈಟಿಗೆ ಬಡೀತು. ನಿಮ್ಮ ದೊಡ್ಡಮ್ಮ ಇವತ್ತಿಗೂ ಆ ಲೈಟಿನ ಲೆಕ್ಕ ಕೇಳ್ತಾಳೆ.

ಫೋಟೋದಲ್ಲಿ ಕೆಳಗಡೆ ಕಪ್ಪಗೆ ಕಾಣ್ತಿರೋದು ಸತ್ತ ಗಂಟು ಅನ್ಸುತ್ತೆ. ಮೊಳೆ ತುದೀಲಿ ಚುಚ್ಚಿ ನೋಡು, ಪುಡಿ ಬಂದ್ರೆ ಪೂರ್ತಿ ಕೆರೆದು ತೆಗೆದು ಅದೇ ಮರದ ಪುಡಿ, ಸೂಪರ್ ಗ್ಲೂ ತುಂಬು, ಆದ್ರೆ ಆ ತುಂಬಿದ್ದಕ್ಕೆ ಶಕ್ತಿ ಇದೆ ಅಂತ ನಂಬ್ಬೇಡ, ಭಾರ ಹೊರೋದು ಪಕ್ಕದ ಮರಾನೇ. ಬಗ್ಗಿಸಿ ನೋಡುವಾಗ ಆ ಜಾಗ ಸ್ವಲ್ಪ ಬಿಗಿ ಅನ್ಸಿದ್ರೂ ಹೊಟ್ಟೆ ಕಡೆ ಕೆರೆಯೋಕೆ ಹೋಗ್ಬೇಡ.

ಭಾನುವಾರ ಬೆಳಕು ಓರೆಯಾಗಿ ಬೀಳೋ ಹಾಗೆ ಗಂಟಿನ ಫೋಟೋ ತೆಗೆದು ಕಳಿಸು. ನಾನು ನೋಡೋವರೆಗೂ ಹೆದೆ ಏರಿಸ್ಬೇಡ.

ನಿನ್ನ ದೊಡ್ಡಪ್ಪ