ಲ್ಯಾಬ್‌ನಲ್ಲಿ ಟೆಸ್ಟ್ ಬರೆಯುವುದನ್ನೂ ಕಲಿಸಲಿ

ಮಾನ್ಯರೆ,

ಕಲಬುರಗಿಯ ಗಂಜ್‌ನಲ್ಲಿ ನಮ್ಮ ಅಣ್ಣನ ತೊಗರಿ ಅಡತಿ ಇದೆ. ರೈತರಿಗೆ ಕೊಡುವ ತೂಕ-ದುಡ್ಡಿನ ಲೆಕ್ಕದ ಪಟ್ಟಿ ಮಾಡಲು ನಾನೇ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕಳೆದ ಸುಗ್ಗಿಯಲ್ಲಿ ಆಳಂದ ಕಡೆಯ ರೈತರೊಬ್ಬರು ಪಟ್ಟಿ ಹಿಡಿದು ವಾಪಸ್ ಬಂದರು. 240 ಕೆ.ಜಿ. ತೂಗಿದ್ದರು, ದುಡ್ಡು ಬಂದಿದ್ದು 2 ಕ್ವಿಂಟಲ್‌ಗೆ ಮಾತ್ರ. ಕೆ.ಜಿ.ಯನ್ನು ಕ್ವಿಂಟಲ್ ಮಾಡಲು 100ರಿಂದ ಭಾಗಿಸುವಲ್ಲಿ ಒಂದು ಓರೆಗೆರೆಯ (/) ಬದಲು ಎರಡು (//) ಹಾಕಿಬಿಟ್ಟಿದ್ದೆ. ಹಾಗೆ ಹಾಕಿದರೆ ಪೈಥಾನ್ ದಶಾಂಶವನ್ನು ಬಿಟ್ಟುಬಿಡುತ್ತದೆ. ಪೂರಾ ಕ್ವಿಂಟಲ್ ತಂದವರ ಪಟ್ಟಿ ಸರಿಯಾಗಿತ್ತು, ಹಾಗಾಗಿ ತಪ್ಪು ಕಂಡೇ ಇರಲಿಲ್ಲ. ಅಣ್ಣ ಉಳಿದ ದುಡ್ಡು ಕೊಟ್ಟರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಈ ತಪ್ಪು ಹಿಡಿಯಲು ಬೇಕಿದ್ದದ್ದು ಒಂದೇ ಸಾಲಿನ ಟೆಸ್ಟ್, ಅಂದರೆ ಪ್ರೋಗ್ರಾಂ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ನೋಡುವ ಕೋಡ್. ಟೆಸ್ಟ್ ಬರೆಯಲೆಂದೇ ಇರುವ ಪೈಥಾನ್‌ನ ಯೂನಿಟ್‌ಟೆಸ್ಟ್‌ನಲ್ಲಿ, ಎರಡು ಉತ್ತರ ಹೋಲಿಸಲು ಅಸರ್ಟ್‌ಈಕ್ವಲ್ ಎಂಬುದಿದೆ. ಅಸರ್ಟ್‌ಈಕ್ವಲ್‌ಗೆ ನಮ್ಮ ಫಂಕ್ಷನ್ ಕೊಟ್ಟ ಉತ್ತರವನ್ನೂ ಬರಬೇಕಾದ 2.4 ಅನ್ನೂ ಕೊಟ್ಟರೆ ಸಾಕು. ಎರಡೂ ಹೊಂದದಿದ್ದರೆ ಟೆಸ್ಟ್ ಫೇಲ್ ಆಗಿ, ಬಂದದ್ದು 2, ಬೇಕಿದ್ದದ್ದು 2.4 ಎಂದು ಎದುರಿಗೇ ತೋರಿಸುತ್ತದೆ. ದಶಾಂಶಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು: ಕಂಪ್ಯೂಟರ್‌ನಲ್ಲಿ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ. ಅಂಥ ಕಡೆ ಅಸರ್ಟ್‌ಆಲ್ಮೋಸ್ಟ್‌ಈಕ್ವಲ್ ಬಳಸಬೇಕು, ಅದು 7 ದಶಾಂಶ ಸ್ಥಾನದವರೆಗೆ ನೋಡುತ್ತದೆ.

ನಾನು ಓದುವಾಗ ಲ್ಯಾಬ್‌ನಲ್ಲಿ ಇದನ್ನು ಯಾರೂ ಹೇಳಲಿಲ್ಲ. ಔಟ್‌ಪುಟ್ ಒಮ್ಮೆ ಸರಿ ಬಂದರೆ ಅಂಕ ಸಿಗುತ್ತಿತ್ತು. ಯೂನಿಟ್‌ಟೆಸ್ಟ್ ಪೈಥಾನ್ ಜೊತೆಗೇ ಬರುತ್ತದೆ, ನೆಟ್ ಇಲ್ಲದ ಲ್ಯಾಬ್‌ನಲ್ಲೂ ನಡೆಯುತ್ತದೆ, ಅಂದಮೇಲೆ ಕಷ್ಟವೇನು? ನಮ್ಮ ಭಾಗದ ಕಾಲೇಜುಗಳು ಪ್ರತಿ ಪ್ರೋಗ್ರಾಂ ಜೊತೆ ಕನಿಷ್ಠ ಮೂರು ಟೆಸ್ಟ್ ಬರೆಸಲಿ, ಅದಕ್ಕೂ ಅಂಕ ಕೊಡಲಿ.

— ಓದುಗ, ಕಲಬುರಗಿ