ಕುತ್ತಿಗೆಯ ಗಂಟಿಗೆ ರಕ್ತಪರೀಕ್ಷೆ ಸಾಲದು

ಮಾನ್ಯರೇ,

ತೀರ್ಥಹಳ್ಳಿಯ ನಮ್ಮ ಕಡೆ ಅಂಗಡಿ ಗೋಡೆಗಳ ಮೇಲೆ ಈಗ ಒಂದು ಕರಪತ್ರ ಕಾಣುತ್ತಿದೆ: ‘ಥೈರಾಯ್ಡ್ ಕ್ಯಾನ್ಸರ್ ತಪಾಸಣಾ ಶಿಬಿರ, ರಕ್ತಪರೀಕ್ಷೆ ಉಚಿತ.’ ಸಂಘಟಕರ ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಸರ್ಕಾರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿ ತಲೆ ನರೆಸಿಕೊಂಡ ನನಗೆ ಅದನ್ನು ಓದಿ ಸುಮ್ಮನಿರಲಾಗಲಿಲ್ಲ. ಅವರು ಮಾಡಲಿರುವ, ಕುತ್ತಿಗೆಯ ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನನ್ನು ರಕ್ತದಲ್ಲಿ ಅಳೆಯುವ ಟಿಎಸ್‌ಎಚ್ ಪರೀಕ್ಷೆ ಗ್ರಂಥಿ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ. ಅದರೊಳಗೆ ಏನು ಬೆಳೆದಿದೆ ಎಂದು ಹೇಳುವುದಿಲ್ಲ. ಥೈರಾಯ್ಡ್ ಕ್ಯಾನ್ಸರ್ ಇರುವ ಬಹುಪಾಲು ಜನರಲ್ಲಿ ಟಿಎಸ್‌ಎಚ್ ಸರಿಯಾಗಿಯೇ ಇರುತ್ತದೆ.

ನನ್ನ ಅತ್ತಿಗೆಯ ಕತೆ ಇದೇ. ಅಡಿಕೆ ಸುಲಿಯಲು ಕೂತಿದ್ದಾಗ ನೆರೆಮನೆಯಾಕೆಯ ಕಣ್ಣಿಗೆ ಬಿದ್ದದ್ದು: ಅತ್ತಿಗೆ ನೀರು ನುಂಗುವಾಗಲೆಲ್ಲ ಕುತ್ತಿಗೆಯ ಬಲಗಡೆ ಬೆಟ್ಟದ ನೆಲ್ಲಿಕಾಯಿ ಗಾತ್ರದ ಗಂಟೊಂದು ಮೇಲೇರಿ ಇಳಿಯುತ್ತಿತ್ತು. ತೋರಿಸಿದ ವೈದ್ಯರು ಟಿಎಸ್‌ಎಚ್ ನೋಡಿ ‘ನಾರ್ಮಲ್, ಏನೂ ಇಲ್ಲ’ ಎಂದು ಕಳಿಸಿಬಿಟ್ಟರು. ಗಂಟು ಮಾತ್ರ ಇದ್ದಲ್ಲೇ ಇತ್ತು.

ಗಂಟು ಕಂಡರೆ ಟಿಎಸ್‌ಎಚ್ ಜೊತೆಗೆ ಅಲ್ಟ್ರಾಸೌಂಡ್ ಆಗಲೇಬೇಕು. ಟಿಎಸ್‌ಎಚ್ ಕಡಿಮೆ ಬಂದರೆ ಅತ್ಯಲ್ಪ ವಿಕಿರಣಶೀಲ ವಸ್ತು ಕೊಟ್ಟು ಗ್ರಂಥಿಯ ಚಿತ್ರ ತೆಗೆಯುವ ಐಸೊಟೋಪ್ ಸ್ಕ್ಯಾನ್ ಮಾಡಿಸುತ್ತಾರೆ. ಅದರಲ್ಲಿ ಅತಿಯಾಗಿ ಕೆಲಸ ಮಾಡುತ್ತಿರುವ ಗಂಟು ಎಂದು ತಿಳಿದರೆ ಅದು ಕ್ಯಾನ್ಸರ್ ಆಗಿರುವುದು ಅಪರೂಪ. ಅಲ್ಟ್ರಾಸೌಂಡ್ ವರದಿಯಲ್ಲಿ ‘ಟೈರಾಡ್ಸ್’ ಎಂದು ಒಂದರಿಂದ ಐದರವರೆಗಿನ ದರ್ಜೆ ಬರೆದಿರುತ್ತಾರೆ; ದರ್ಜೆ ಏರಿದಷ್ಟೂ ಕ್ಯಾನ್ಸರಿನ ಅನುಮಾನ ಹೆಚ್ಚು. ಕೊನೆಗೆ ಅಲ್ಟ್ರಾಸೌಂಡ್ ಮಾಡಿಸಿದಾಗ ಅತ್ತಿಗೆಯದು ನಾಲ್ಕು. ಆ ದರ್ಜೆಯ ಗಂಟು ಒಂದೂವರೆ ಸೆಂಟಿಮೀಟರ್ ದಾಟಿದ್ದರೆ ಸೂಜಿ ಪರೀಕ್ಷೆ ಮಾಡಬೇಕು. ಐದನೇ ದರ್ಜೆಗೆ ಒಂದು ಸೆಂಟಿಮೀಟರ್ ಸಾಕು.

ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ, ಎಂದರೆ ಊರಿನಲ್ಲಿ ಭಯ. ‘ಚುಚ್ಚಿದರೆ ಗಂಟು ಹರಡುತ್ತದೆ’ ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ರಕ್ತ ತೆಗೆಯುವ ಸೂಜಿಗಿಂತ ದಪ್ಪವೇನಲ್ಲ ಅದು. ಹೊರಬಂದ ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಸವರಿ, ಕೆಲವನ್ನು ಆಲ್ಕೋಹಾಲಿನಲ್ಲಿ ಅದ್ದಿ, ಕೆಲವನ್ನು ಗಾಳಿಗೆ ಒಣಗಿಸುತ್ತೇವೆ. ಆಷಾಢದ ಜಡಿಮಳೆಯಲ್ಲಿ ಒಣಗಿಸುವುದೇ ಸಾಹಸ: ನಿಧಾನವಾಗಿ ಒಣಗಿದರೆ ಜೀವಕೋಶಗಳ ಆಕಾರ ಕೆಡುತ್ತದೆ, ಹಾಗಾಗಿ ಫ್ಯಾನಿನ ಮುಂದೆ ಹಿಡಿದು ನಿಲ್ಲುತ್ತಿದ್ದೆವು. ಸ್ಲೈಡಿನಲ್ಲಿ ತಲಾ ಹತ್ತು ಜೀವಕೋಶಗಳಿರುವ ಆರು ಗುಂಪುಗಳಾದರೂ ಸಿಗದಿದ್ದರೆ ಸಾಮಾನ್ಯವಾಗಿ ‘ಮಾದರಿ ಸಾಲದು’ ಎಂದು ಬರೆಯುತ್ತಾರೆ. ಜನ ಅದನ್ನು ‘ಕ್ಯಾನ್ಸರ್ ಇಲ್ಲ’ ಎಂದು ಓದಿಕೊಂಡು ಸಮಾಧಾನಪಡುತ್ತಾರೆ. ಅದರ ಅರ್ಥ ಇನ್ನೊಮ್ಮೆ ಚುಚ್ಚಬೇಕು ಎಂದಷ್ಟೇ.

ಅತ್ತಿಗೆಯ ಸೂಜಿ ಪರೀಕ್ಷೆಯ ವರದಿ, ಇಂಥ ವರದಿಗಳನ್ನು ವಿಂಗಡಿಸುವ ಬೆಥೆಸ್ಡಾ ಪದ್ಧತಿಯ ಆರು ವರ್ಗಗಳಲ್ಲಿ ನಾಲ್ಕನೆಯದು: ಫಾಲಿಕ್ಯುಲರ್ ಎಂಬ ಬಗೆಯ ಗೆಡ್ಡೆಯ ಅನುಮಾನ. ಸೂಜಿಯ ಮಿತಿಯೂ ಇಲ್ಲಿಯೇ. ಗೆಡ್ಡೆ ತನ್ನ ಹೊರಪೊರೆಯನ್ನೋ ರಕ್ತನಾಳವನ್ನೋ ಭೇದಿಸಿದೆಯೇ ಎಂಬುದರ ಮೇಲೆ ಫಾಲಿಕ್ಯುಲರ್ ಕ್ಯಾನ್ಸರ್ ತೀರ್ಮಾನವಾಗುತ್ತದೆ. ಬಿಡಿ ಜೀವಕೋಶಗಳಲ್ಲಿ ಅದು ಕಾಣದು. ಅರ್ಧ ಗ್ರಂಥಿ ತೆಗೆದು ಪರೀಕ್ಷಿಸಿದಾಗ ನಿರುಪದ್ರವಿ ಎಂದು ತಿಳಿಯಿತು. ಕ್ಯಾನ್ಸರ್ ಆಗಿದ್ದರೂ ಕೈಚೆಲ್ಲಬೇಕಿರಲಿಲ್ಲ. ಅತಿ ಸಾಮಾನ್ಯವಾದ ಪ್ಯಾಪಿಲ್ಲರಿ ಬಗೆಯದು ಸಾಮಾನ್ಯವಾಗಿ ನಿಧಾನ ಬೆಳೆಯುತ್ತದೆ, ಚಿಕಿತ್ಸೆಗೆ ಬಗ್ಗುತ್ತದೆ. ಮೆಡ್ಯುಲರಿ ಬಗೆಯದು ಕೆಲವು ಮನೆತನಗಳಲ್ಲಿ ಹರಿದುಬರುತ್ತದೆ. ಕ್ಯಾಲ್ಸಿಟೋನಿನ್ ಎಂಬ ರಕ್ತಪರೀಕ್ಷೆ ಉಪಯೋಗಕ್ಕೆ ಬರುವುದು ಅಲ್ಲಿ. ವಯಸ್ಸಾದವರಲ್ಲಿ ಗಂಟು ವಾರಗಳಲ್ಲೇ ಉಬ್ಬಿ ದನಿ ಒಡೆದರೆ ಒಂದು ದಿನವೂ ಕಾಯಬಾರದು.

ಹಾಗೆಂದು ಶಿಬಿರಕ್ಕೆ ಬಂದವರೆಲ್ಲರ ಕುತ್ತಿಗೆಗೂ ಸ್ಕ್ಯಾನರ್ ಹಿಡಿಯಿರಿ ಎನ್ನುತ್ತಿಲ್ಲ. ದಕ್ಷಿಣ ಕೊರಿಯಾದಲ್ಲಿ ಹಾಗೆ ಮಾಡಿ, 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರದ್ದರ ಹದಿನೈದು ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಬದಲಾಗಲಿಲ್ಲ. ಶಿಬಿರದಲ್ಲಿ ವೈದ್ಯರೊಬ್ಬರು ಕುತ್ತಿಗೆ ಮುಟ್ಟಿ ನೋಡಿ, ಗಂಟು ಇದ್ದವರನ್ನಷ್ಟೇ ಅಲ್ಟ್ರಾಸೌಂಡಿಗೆ ಕಳಿಸಿದರೆ ಸಾಕು.

ಆರೋಗ್ಯ ಇಲಾಖೆಗೂ ಒಂದು ಮನವಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಸೂಜಿ ಪರೀಕ್ಷೆಗೆ ಮೀಸಲಿಟ್ಟು, ಸ್ಲೈಡ್‌ಗಳನ್ನು ಶಿವಮೊಗ್ಗದ ವೈದ್ಯಕೀಯ ಕಾಲೇಜಿಗೆ ತಲುಪಿಸುವ ಏರ್ಪಾಡಾಗಲಿ. ವರದಿಯ ಕೆಳಗೆ ‘ಮುಂದೆ ಏನು ಮಾಡಬೇಕು’ ಎಂಬ ಎರಡು ಸಾಲು ಕನ್ನಡದಲ್ಲಿರಲಿ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ತೀರ್ಥಹಳ್ಳಿ