ಸುರಂಗದ ನೀರಿಗೂ ಒಂದು ಲೆಕ್ಕ ಇಡಿ: ಕಾಸರಗೋಡು ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುತ್ತದೆ. ಆದರೂ ವಿಷುವಿನ ಹೊತ್ತಿಗೆ ಗುಡ್ಡದ ಮೇಲಿನ ಮನೆಗಳಲ್ಲಿ ಕೊಡಗಳ ಲೆಕ್ಕ ಶುರುವಾಗುತ್ತದೆ. ಹವಾಮಾನ ಬದಲಾವಣೆಯ ಬಗ್ಗೆ ಯೋಜನೆ ಬರೆಯುವಾಗ ಕಚೇರಿಗಳು ಹಿಡಿಯುವುದು ಮಳೆಮಾಪಕದ ಅಂಕಿಯನ್ನು. ಅದು ಬಿದ್ದ ಮಳೆಯ ಲೆಕ್ಕ. ಗುಡ್ಡ ಎಷ್ಟು ಕುಡಿಯಿತು, ಎಷ್ಟು ದಿನ ಹಿಡಿದಿಟ್ಟಿತು ಎಂಬ ಲೆಕ್ಕ ಸುರಂಗದ ಬಾಯಲ್ಲಿದೆ, ತೋಡಿನ ಕಟ್ಟದಲ್ಲಿದೆ (ಹರಿವಿಗೆ ಅಡ್ಡಲಾಗಿ ಕಟ್ಟುವ ತಾತ್ಕಾಲಿಕ ಒಡ್ಡು), ಅಡಿಕೆಗೆ ಮದ್ದು ಬಿಡುವವರ ಡೈರಿಯಲ್ಲಿದೆ. ಅದನ್ನೂ ಪಂಚಾಯತಿನ ಕಡತಕ್ಕೆ ತನ್ನಿ ಎಂದು ಕೇಳಲು ಈ ಪತ್ರ.

ಮೊದಲು ಸುರಂಗ. ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡಕ್ಕೆ ಅಡ್ಡಲಾಗಿ, ಒಬ್ಬಾಳು ನಡೆಯುವಷ್ಟೇ ಅಗಲಕ್ಕೆ ಕೊರೆದ ಬಾವಿ ಅದು. ಒಳಗಿನಿಂದ ಹೊರಕ್ಕೆ ಸಣ್ಣ ಇಳಿಜಾರು ಇರುವುದರಿಂದ ಪಂಪಿನ ಹಂಗಿಲ್ಲ. ಮುರಕಲ್ಲಿನ ತೂತುಗಳಲ್ಲಿ ಇಳಿದ ಮಳೆನೀರು ಕೆಳಗಿನ ಶೇಡಿಮಣ್ಣಿನ (ಬಿಳಿ ಜೇಡಿಮಣ್ಣಿನ) ಪದರದ ಮೇಲೆ ನಿಂತು ನಿಧಾನಕ್ಕೆ ಒಸರುತ್ತದೆ. ಮೂರು ದಿನ ಬಡಿದು ಹೋದ ಮಳೆಯ ಬಹುಪಾಲು ಹೊಳೆ ಸೇರುತ್ತದೆ. ಅಷ್ಟೇ ಮಳೆ ಇಪ್ಪತ್ತು ದಿನ ಬಿಟ್ಟು ಬಿಟ್ಟು ಬಂದರೆ ಗುಡ್ಡದೊಳಗೆ ಇಳಿಯುತ್ತದೆ. ಮಳೆಮಾಪಕಕ್ಕೆ ಎರಡೂ ಒಂದೇ ಅಂಕಿ, ಸುರಂಗಕ್ಕೆ ಅಲ್ಲ.

ಅಳೆಯುವುದು ಸುಲಭ. ಬಕೆಟಿಗೆ ಹತ್ತು ಲೀಟರ್ ಅಳೆದು ಹೊಯ್ದು, ನೀರು ನಿಂತ ಮಟ್ಟಕ್ಕೆ ಒಳಗಡೆ ಗೆರೆ ಹಾಕಿ. ಅಂಗಡಿಯವನು ಹೇಳಿದ ಅಳತೆಯನ್ನು ನಂಬಬೇಡಿ. ಬಕೆಟನ್ನು ಸುರಂಗದ ಬಾಯಲ್ಲಿ, ಪೈಪು ಶುರುವಾಗುವ ಕಡೆಯೇ ಹಿಡಿಯಬೇಕು. ಗೆರೆ ಮುಟ್ಟಲು ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ಮೂರು ಸಲ ನೋಡಿ, ನಡುವಿನದನ್ನು ಬರೆಯಿರಿ. ನಲವತ್ತು ಸೆಕೆಂಡು ಬಂದರೆ ನಿಮಿಷಕ್ಕೆ 15 ಲೀಟರ್, ದಿನಕ್ಕೆ 21,600 ಲೀಟರ್. ವರ್ಷಕ್ಕೆ ನಾಲ್ಕು ದಿನ ಸಾಕು: ತುಲಾ ಸಂಕ್ರಮಣ, ಮಕರ ಸಂಕ್ರಮಣ, ವಿಷು, ಪತ್ತನಾಜೆ (ಮೇ 24ರ ಸುಮಾರಿಗೆ). ಯಾರಿಗೂ ನೆನಪಿಸಬೇಕಾಗಿಲ್ಲದ ದಿನಗಳಿವು.

ತಪ್ಪಾಗುವುದು ಎಲ್ಲಿ? ಕೆಲವರು ಸುರಂಗದ ಬಾಯಿಗೆ ಮಣ್ಣಿನ ಅಡ್ಡ ಕಟ್ಟಿ ರಾತ್ರಿಯಿಡೀ ನೀರು ನಿಲ್ಲಿಸುತ್ತಾರೆ. ಬೆಳಿಗ್ಗೆ ಬಿಟ್ಟೊಡನೆ ಅಳೆದರೆ ಇಲ್ಲದ ನೀರು ಲೆಕ್ಕಕ್ಕೆ ಬರುತ್ತದೆ. ಟಾಂಕಿಯಲ್ಲಿ ಅಳೆದರೆ ದಾರಿಯಲ್ಲಿ ಪೈಪು ಸೋರಿದ್ದು ಕಾಣುವುದಿಲ್ಲ. ಆ ವರ್ಷ ಸುರಂಗವನ್ನು ಇನ್ನೂ ನಾಲ್ಕು ಕೋಲು (ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ) ಒಳಗೆ ತೆಗೆದಿದ್ದರೆ ನೀರು ಹೆಚ್ಚಿದ್ದು ಮಳೆಯಿಂದಲ್ಲ. ಹಾಗೆಯೇ ಮೇಲಿನ ಪದವಿನಲ್ಲಿ (ಗುಡ್ಡದ ತಲೆಯ ಬಯಲಿನಲ್ಲಿ) ಕೆಂಪುಕಲ್ಲಿನ ಕೋರೆ ತೆರೆದಿದ್ದರೆ, ಪಕ್ಕದಲ್ಲಿ ಕೊಳವೆಬಾವಿ ಕೊರೆದಿದ್ದರೆ, ನೀರು ಕಡಿಮೆಯಾದದ್ದಕ್ಕೆ ಹವಾಮಾನವನ್ನು ದೂರಿ ಫಲವಿಲ್ಲ. ಅದಕ್ಕೇ ಪ್ರತಿ ಅಳತೆಯ ಪಕ್ಕದಲ್ಲಿ "ಗುಡ್ಡದಲ್ಲಿ ಈ ವರ್ಷ ಏನಾಯಿತು" ಎಂಬ ಕಾಲಂ ಇರಲೇಬೇಕು. ಹವಾಮಾನದ ಹೆಸರಲ್ಲಿ ಕೋರೆಗಳ ಪಾಪ ತೊಳೆದುಹೋಗುವುದು ನಮಗೆ ಬೇಡ.

ಏತಡ್ಕದ ಕಡೆಯ ಕಟ್ಟಗಳನ್ನು ತಾವು ನೋಡಿರಬಹುದು. ಹಳೆಯ ಕ್ರಮದಲ್ಲಿ ಎರಡು ಸಾಲು ಕಲ್ಲು, ನಡುವೆ ತುಳಿದು ಹದ ಮಾಡಿದ ಮಣ್ಣು, ಜೊತೆಗೆ ಸೊಪ್ಪು, ಅಡಿಕೆ ಮರದ ಸಲಾಕೆ. ಈಗ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಬೇಗ ಕಟ್ಟಿದರೆ ತುಲಾ ತಿಂಗಳ ಗುಡುಗು ಮಳೆಗೆ ಕೊಚ್ಚಿಹೋಗುತ್ತದೆ, ತಡಮಾಡಿದರೆ ಹಿಡಿಯಲು ನೀರೇ ಇರುವುದಿಲ್ಲ. ಹಾಗಾಗಿ ಕಟ್ಟ ಕಟ್ಟಿದ ತಾರೀಕೇ ತೋಡಿನ ಆರೋಗ್ಯದ ಗುರುತು. ಮೂರು ತಾರೀಕು ಬರೆದಿಟ್ಟರೆ ಸಾಕು: ಕಟ್ಟಿದ್ದು, ನೀರು ಮೇಲಿನಿಂದ ಹಾರಿದ್ದು, ಹಾರುವುದು ನಿಂತದ್ದು. ಮೇಲ್ಗಡೆ ಹೊಸದಾಗಿ ಕಟ್ಟ ಬಂದಿದ್ದರೆ ಕೆಳಗಿನದ್ದು ತಡವಾಗಿ ತುಂಬುತ್ತದೆ, ಅದನ್ನೂ ನಮೂದಿಸಬೇಕು.

ಇನ್ನು ಅಡಿಕೆಯ ಕೊಳೆರೋಗದ ವಿಚಾರ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೊದಲ ಸಲ ಮಳೆಗೆ ಮುಂಚೆ ಬಿಟ್ಟರೆ, ಮುಂದಿನದು 40–45 ದಿನಕ್ಕೆ. ಎರಡನೇ ಮದ್ದಿಗೆ ಗೊನೆ ಒಣಗುವಷ್ಟಾದರೂ ಬಿಸಿಲು ಬಿಡಬೇಕು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಆ ಬಿಸಿಲು ಯಾವ ದಿನ ಸಿಕ್ಕಿತು, ಎಷ್ಟು ದಿನ ಕಾದು ಕೂತರು ಎಂಬುದು ಮದ್ದು ಬಿಡುವ ತಂಡದವರ ಕೂಲಿ ಲೆಕ್ಕದಲ್ಲೇ ಇದೆ. ಆ ಡೈರಿಗಳ ಫೋಟೋ ತೆಗೆಸಿದರೆ ಮಳೆ ಬಿಡುವು ಕೊಟ್ಟ ದಿನಗಳ ಒಂದು ಪಟ್ಟಿ ಪುಕ್ಕಟೆ ಸಿಗುತ್ತದೆ.

ಆರ್ದ್ರೆ, ಸ್ವಾತಿ ಮುಂತಾದ ಮಳೆನಕ್ಷತ್ರಗಳ ಬಗ್ಗೆ ಒಂದು ಮಾತು. ಈ ಪಂಚಾಂಗ ಋತುಗಳಿಂದ ಒಂದು ದಿನ ಸರಿಯಲು ಸುಮಾರು 70 ವರ್ಷ ಬೇಕು. ಹಾಗಾಗಿ ಒಂದು ತಲೆಮಾರಿನಲ್ಲಿ ಆರ್ದ್ರೆ ಮಳೆ ಹತ್ತು ದಿನ ಹಿಂದೆಮುಂದೆ ಆಗಿದ್ದರೆ ಪಂಚಾಂಗದ ಮೇಲೆ ತಪ್ಪು ಹೊರಿಸುವಂತಿಲ್ಲ. ಆದರೆ "ಹಿಂದೆಲ್ಲ ಹೀಗಿರಲಿಲ್ಲ" ಎಂಬ ಮಾತಿಗಿಂತ ಬಿತ್ತನೆ ಮಾಡಿದ ತಾರೀಕು ಗಟ್ಟಿ ಸಾಕ್ಷಿ. ನೆನಪನ್ನು ಕೇಳುವಾಗ ಮದುವೆ, ಮನೆ ಒಕ್ಕಲು, ದೈವದ ನೇಮದ ವರ್ಷಕ್ಕೆ ತಾಳೆಹಾಕಿ ಕೇಳಿ.

ಕಾಯಿದೆಯ ದಾರಿ ಹೊಸದಾಗಿ ಕಡಿಯಬೇಕಿಲ್ಲ. 2015ರ ಪ್ಯಾರಿಸ್ ಒಪ್ಪಂದದ 7ನೇ ವಿಧಿ ಹವಾಮಾನ ಹೊಂದಾಣಿಕೆಗೆ ವಿಜ್ಞಾನದ ಜೊತೆ ಆದಿವಾಸಿ ಮತ್ತು ಸ್ಥಳೀಯ ಜ್ಞಾನವನ್ನೂ ಹೆಸರಿಸುತ್ತದೆ. 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯತುಗಳಲ್ಲಿ ಸಮಿತಿಯಿದೆ, ಜನತಾ ಜೀವವೈವಿಧ್ಯ ದಾಖಲೆಯಿದೆ. 2020ರಲ್ಲಿ ಕೇರಳ ಸರಕಾರದ ‘ನಮ್ಮಳ್ ನಮುಕ್ಕಾಯಿ’ (ನಾವು ನಮಗಾಗಿ) ಅಭಿಯಾನದಲ್ಲಿ ವಿಪತ್ತು ನಿರ್ವಹಣಾ ಯೋಜನೆಗಳೂ ತಯಾರಾಗಿವೆ. ಅವುಗಳಿಗೆ ಈ ಅಳತೆಗಳ ನಾಲ್ಕು ಪುಟ ಸೇರಿಸಿದರಾಯಿತು.

ಎರಡು ಷರತ್ತು. ನಮೂನೆಗಳು ಕನ್ನಡದಲ್ಲೂ ಇರಲಿ. ಸುರಂಗ ಕೊರೆಯುವವರು ತುಳುವಿನಲ್ಲೋ ಮರಾಟಿಯಲ್ಲೋ ಹೇಳಿದ್ದು ಮಲಯಾಳದ ಫಾರ್ಮಿಗೆ ಇಳಿಯುವಾಗ ‘ಒಸರು’ ಮತ್ತು ‘ಒರತೆ’ ಎರಡೂ ಒಂದೇ ಕಾಲಮ್ಮಿಗೆ ಬೀಳುತ್ತವೆ. ಎರಡನೆಯದು ಕೊರಗ ಆದಿವಾಸಿಗಳ ವಿಚಾರ. ಬುಟ್ಟಿ ಹೆಣೆಯುವ ಕಾಡುಬಳ್ಳಿ ಎಲ್ಲಿ ಸಿಗುತ್ತಿತ್ತು, ಈಗ ಎಷ್ಟು ದೂರ ಹೋಗಬೇಕು ಎಂದು ಅವರಷ್ಟು ಖಚಿತವಾಗಿ ಬಲ್ಲವರಿಲ್ಲ. ಅವರನ್ನು ಕೇಳುವ ಮೊದಲು ಒಪ್ಪಿಗೆ ಪಡೆಯಿರಿ, ಕೆಲಸ ಬಿಟ್ಟು ಬಂದ ದಿನದ ಕೂಲಿ ಕೊಡಿ. ಬಳ್ಳಿಯ ಜಾಗವನ್ನು ನಕ್ಷೆಯಲ್ಲಿ ಬಹಿರಂಗ ಮಾಡಬೇಡಿ. ಮರುವಾರವೇ ಬೇರೆಯವರು ಕತ್ತಿ ಹಿಡಿದು ಅಲ್ಲಿರುತ್ತಾರೆ.

ಎಣ್ಮಕಜೆ, ಪೈವಳಿಕೆ, ಕುಂಬ್ಡಾಜೆ ಪಂಚಾಯತುಗಳಲ್ಲಿ ತಲಾ ಹತ್ತು ಸುರಂಗದಿಂದ ಶುರುಮಾಡಬಹುದು. ಬಕೆಟುಗಳಿಗೆ ಈಗಲೇ ಗೆರೆ ಹಾಕಿಸಿದರೆ ಬರುವ ಮಕರ ಸಂಕ್ರಮಣಕ್ಕೆ ಮೊದಲ ಅಳತೆ ಸಿಗುತ್ತದೆ.

ಇತಿ,
ಕಾಸರಗೋಡಿನ ಸುರಂಗ, ಕಟ್ಟಗಳ ಕೆಲಸ ಬಲ್ಲ ಕೆಲವು ಕೃಷಿಕರು